ಬಾಯಲ್ಲಿಟ್ಟ ಖರ್ಜೂರ

ಜೆರುಸಲೇಮ್
೧೧ ಜನವರಿ ೧೯೯೯

ಪ್ರೀತಿಯ ಎಲಿ ಅಕ್ಕಾ,

ಬಂದು ಮುಟ್ಟಿದೆ! ವಿಮಾನ ನೆಲಕ್ಕಿಳಿದದ್ದೇ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಗಲ್ಲ ಹಿಡಿದು ಮುತ್ತು ಕೊಟ್ಟರು. ಯಾರೋ ಏನೋ, ಹೆಸರೂ ಗೊತ್ತಿಲ್ಲ. ಇಲ್ಲಿ ವಿಪರೀತ ಚಳಿ. ನಿನ್ನ ನೀಲಿ ಸ್ವೆಟರ್ ಮೈಮೇಲಿಂದ ತೆಗೆದೇ ಇಲ್ಲ.

ನಮ್ಮ ತಂಡದಲ್ಲಿ ಎಲ್ಲ ದೇಶದ ಯಹೂದಿ ಹುಡುಗ ಹುಡುಗಿಯರೂ ಇದ್ದಾರೆ. ನನ್ನ ಕೋಣೆಯವಳು ಝೋಯಾ, ತಾಷ್ಕೆಂಟಿನವಳು. ಅರ್ಜೆಂಟೀನಾದ ಮತಿಯಾಸ್ ಅಂತ ಒಬ್ಬ ಇದ್ದಾನೆ, ಏನು ಹೇಳಿದರೂ ನಗುತ್ತಾನೆ. ನಮ್ಮನ್ನು ನೋಡಿಕೊಳ್ಳುವವರು ಗಿಲಾ. ಮೊದಲ ದಿನವೇ ಅವರು ಹೇಳಿದರು, "ಐದು ತಿಂಗಳು ಮುಗಿಯೋ ಹೊತ್ತಿಗೆ ನೀವು ಯಾರು ಅಂತ ನಿಮಗೇ ಗೊತ್ತಾಗಿರುತ್ತೆ." ನನಗೆ ಭಯವಾಯಿತು ಅಕ್ಕಾ. ಗೊತ್ತಾದ ಮೇಲೆ ಇಷ್ಟವಾಗದಿದ್ದರೆ?

ಈಗ ಕೆಲಸದ ಮಾತು. ಒಬ್ಬೊಬ್ಬರೂ ಒಂದು ಸಂಜೆ ತಮ್ಮ ಮನೆಯ ಪದ್ಧತಿಯನ್ನು ಮಾಡಿ ತೋರಿಸಬೇಕು. ಗಿಡಮರಗಳ ಹೊಸವರ್ಷದ ಸಂಜೆ ನನ್ನ ಪಾಲಿಗೆ ಬಂದಿದೆ. ನಮ್ಮಲ್ಲಿ ಆ ದಿನ ಎಲಿಯಾಹು ಪ್ರವಾದಿಗೆ ಮಲೀದಾ ಇಡುತ್ತೇವಲ್ಲ, ಅದನ್ನೇ ಮಾಡುತ್ತೇನೆ ಅಂದುಬಿಟ್ಟೆ. ಆದರೆ ಅಜ್ಜಿ ನಿನಗೆ ಹಾಡು ಹೇಳಿಕೊಡುವಾಗೆಲ್ಲ ನಾನು ಖಂಡಾಳೆಯ ಪ್ರವಾದಿಯ ಬಂಡೆಯ ಮೇಲೆ ಹತ್ತಿ ಕುಣಿಯುತ್ತಿದ್ದೆ. ನನಗೇನು ಗೊತ್ತು! ಒಂದನ್ನೂ ಬಿಡದೆ ಬರೆದು ಕಳಿಸು. ನಿನ್ನ ಸೀಟಿನಲ್ಲಿ ಬಂದು ಕೂತಿದ್ದೇನೆ, ನಿನ್ನ ಸೂಟ್‌ಕೇಸು ತಂದಿದ್ದೇನೆ, ಇನ್ನು ಅಜ್ಜಿಯದನ್ನೂ ಕೊಟ್ಟುಬಿಡು ತಾಯಿ!

ಭಾವನಿಗೆ ನಮಸ್ಕಾರ.

ನಿನ್ನ ಹದಸ್ಸಾ


ಠಾಣೆ
೧೯ ಜನವರಿ ೧೯೯೯

ಮುದ್ದು ಹದು,

ನಿನ್ನ ಪತ್ರ ಬಂತು. ಓದಿ ಎಷ್ಟು ಖುಷಿಯಾಯಿತು ಅಂತ ಹೇಳತೀರದು! ನನಗೆ ಆ ಸೀಟು ಬಿಟ್ಟುಕೊಟ್ಟದ್ದಕ್ಕೆ ಒಂದು ಚೂರೂ ಬೇಸರವಿಲ್ಲ, ತಿಳಿಯಿತಾ? ಮದುವೆಯಾದವರನ್ನು ಅವರು ಕರೆದೊಯ್ಯುವುದಿಲ್ಲ ಅಂದರೆ ಅವರಿಗೇ ನಷ್ಟ. ನಿನ್ನ ಭಾವ ಎಂಥವರು ಗೊತ್ತಾ? ಹೋದ ವಾರ, ತರಬೇತಿಗೆ ಹೊರಡುವ ಮುಂಚೆ, ಡ್ಯೂಟಿ ಮುಗಿಸಿ ಬರುವಾಗ ಮಲ್ಲಿಗೆ ದಂಡೆ ತಂದು, ಅತ್ತೆಗೆ ಕಾಣದಿರಲಿ ಅಂತ ಊಟದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು. ಇಡೀ ದಂಡೆ ಮೀನುಸಾರಿನ ವಾಸನೆ! ಆದರೂ ಮುಡಿದುಕೊಂಡೆ. ನನ್ನ ಮದುವೆಯ ಹಸಿರು ಬಳೆಗಳಲ್ಲಿ ಇನ್ನೂ ಒಂದೂ ಒಡೆದಿಲ್ಲ. ಇಂಥ ಸುಖ ಬಿಟ್ಟು ಜೆರುಸಲೇಮಿನ ಚಳಿ ಯಾರಿಗೆ ಬೇಕು ಹೇಳು!

ಮಲೀದಾ ಬರೆದುಕೋ. ತೆಳು ಅವಲಕ್ಕಿ, ನೀರು ಚಿಮುಕಿಸಿ ಮೆತ್ತಗಾಗಿಸು, ಮುದ್ದೆಯಾಗಬಾರದು. ಸಕ್ಕರೆ, ತುರಿದ ಹಸಿ ಕಾಯಿ, ಏಲಕ್ಕಿ, ಬಾದಾಮಿ, ದ್ರಾಕ್ಷಿ. ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡಿ ಸುತ್ತ ಹಣ್ಣು ಜೋಡಿಸು, ಮೇಲೆ ಗುಲಾಬಿ. ಎಲಿಯಾಹುವಿನ ಹಾಡಾದ ಮೇಲೆ ಒಂದೊಂದು ಹಣ್ಣಿಗೂ ಅದರದರ ಮಂತ್ರ. ಹಾಡು ಬೇರೆ ಹಾಳೆಯಲ್ಲಿದೆ. ಮೂರನೇ ಸಾಲನ್ನು ಎಳೆದು ಹಾಡಬೇಕು, ನಿನ್ನ ಹಾಗೆ ಓಡಿಸಬಾರದು.

ಇನ್ನೊಂದು ಮುಖ್ಯ ವಿಷಯವಿದೆ. ಅಜ್ಜಿ ನನಗೊಬ್ಬಳಿಗೇ ಹೇಳಿದ್ದು. ಮನೆಯ ಕಿರಿಯ ಹೆಣ್ಣುಮಗಳು ಬಾಯಲ್ಲಿ ಒಂದು ಖರ್ಜೂರ ಇಟ್ಟುಕೊಂಡು ಹೊಸ್ತಿಲಿನಾಚೆ ನಿಲ್ಲಬೇಕು. ಅಗಿಯಬಾರದು, ನುಂಗಬಾರದು, ಒಂದೇ ಒಂದು ಮಾತಾಡಬಾರದು. ಒಳಗೆ ಎಲ್ಲರೂ ಮಲೀದಾ ತಿಂದು, ಕೈ ತೊಳೆದು, ಎದ್ದ ಮೇಲೆ ಅವಳು ಒಳಗೆ ಬರಬೇಕು. ಇದಿಲ್ಲದಿದ್ದರೆ ಮಲೀದಾ ಸಲ್ಲುವುದಿಲ್ಲ.

ಮರೆಯಬೇಡ.

ನಿನ್ನ ಅಕ್ಕ,
ಎಲಿಶೆಬಾ


ಠಾಣೆ
೨೦ ಜನವರಿ ೧೯೯೯

ನನ್ನ ಪ್ರಾಣವೇ, ನನ್ನ ನಿಸ್ಸಿಮ್,

ಭುಸಾವಳದ ತರಬೇತಿ ಯಾವಾಗ ಮುಗಿಯುತ್ತದೆ? ರೈಲ್ವೆಯವರಿಗೆ ಹೊಸ ಮದುಮಗನನ್ನೇ ಎಳೆದುಕೊಂಡು ಹೋಗಬೇಕಿತ್ತಾ? ನೀವಿಲ್ಲದ ಮನೆಯಲ್ಲಿ ಅತ್ತೆಯೂ ನಾನೂ ಗೋಡೆಯ ಮೇಲಿನ ಎಲಿಯಾಹುವಿನ ಪಟವೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದೇವೆ.

ನಾನೊಂದು ಕಿತಾಪತಿ ಮಾಡಿದೆ, ಬೈಯಬೇಡಿ. ಹದು ಮಲೀದಾದ ಬಗ್ಗೆ ಕೇಳಿದ್ದಳು. ಬರೆಯುತ್ತಾ ಬರೆಯುತ್ತಾ ನನಗೆ ಎಂಥ ಹೊಟ್ಟೆಕಿಚ್ಚು ಬಂತು ಗೊತ್ತಾ? ಅಜ್ಜಿಯ ಕಾಲು ಒತ್ತಿ ಒತ್ತಿ ಕಲಿತದ್ದು ನಾನು. ಚಪ್ಪಾಳೆ ಅವಳಿಗೆ! ಅದಕ್ಕೆ ಇಲ್ಲದ ಪದ್ಧತಿಯೊಂದನ್ನು ಹುಟ್ಟಿಸಿ ಬರೆದೆ. ಎಲ್ಲರೂ ತಿನ್ನುವಾಗ ಅವಳು ಬಾಯಲ್ಲಿ ಖರ್ಜೂರ ಇಟ್ಟುಕೊಂಡು ಹೊರಗೆ ಮೂಕಿಯಾಗಿ ನಿಲ್ಲಬೇಕು! ನಮ್ಮ ಹದು, ನಿದ್ದೆಯಲ್ಲೂ ಮಾತಾಡುವವಳು! ನೆನೆಸಿಕೊಂಡು ಒಬ್ಬಳೇ ನಕ್ಕೆ. ಅತ್ತೆ "ಏನಾಯ್ತೇ?" ಅಂದರು. "ನಿಮ್ಮ ಮಗನ ನೆನಪಾಯ್ತು" ಅಂದೆ. ಪಾಪ, ನಂಬಿದರು.

ಬೇಗ ಬನ್ನಿ.

ನಿಮ್ಮವಳೇ ನಿಮ್ಮವಳು,
ಎಲಿ


ಜೆರುಸಲೇಮ್
೩ ಫೆಬ್ರವರಿ ೧೯೯೯

ಅಕ್ಕಾ, ಅಕ್ಕಾ, ನನ್ನ ಚಿನ್ನದಂಥ ಅಕ್ಕಾ,

ಹೇಗೆ ಹೇಳಲಿ! ಹಾಡು ಮುಗಿಯಿತು. ನಾನು ಖರ್ಜೂರ ಬಾಯಿಗಿಟ್ಟುಕೊಂಡು ಹೊರಗೆ ಹೋಗಿ ನಿಂತೆ. ಹೊರಗೆ ಗಾಳಿ ಕೊರೆಯುತ್ತಿತ್ತು. ಒಳಗೆ ಬೆಳಕು, ತಟ್ಟೆಗಳ ಸದ್ದು, ನಗು. ಮೊದಮೊದಲು ಹಸಿವಾಯಿತು, ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಯಾಕಾದರೂ ಇದನ್ನು ಬರೆದಳೋ ಅಂತ. ಆಮೇಲೆ ಏನೂ ಇಲ್ಲ. ಸುಮ್ಮನಾಗಿಬಿಟ್ಟೆ. ನಾನು ಹುಟ್ಟಿದಾಗಿನಿಂದ ಸುಮ್ಮನಿದ್ದದ್ದೇ ಇಲ್ಲ ಅಲ್ಲವಾ ಅಕ್ಕಾ? ಹಾಗೆ ಸುಮ್ಮನಿದ್ದಾಗಲೇ ಅಜ್ಜಿ ಬಂದರು. ಅವರ ಸೀರೆಯ ಕೊಬ್ಬರಿ ಎಣ್ಣೆಯ ವಾಸನೆ ಸಮೇತ ಬಂದು ಪಕ್ಕದಲ್ಲಿ ನಿಂತರು. ಕಣ್ಣೀರು ತಾನೇ ಇಳಿಯಿತು.

ಅಷ್ಟರಲ್ಲಿ ಝೋಯಾ ತಿನ್ನುವುದನ್ನು ಬಿಟ್ಟು ಎದ್ದು ಬಂದಳು, ಬಾಯಲ್ಲೊಂದು ಖರ್ಜೂರ ಇಟ್ಟುಕೊಂಡು. ಅವಳ ಹಿಂದೆ ಮತಿಯಾಸ್. ಆಮೇಲೆ ಎಲ್ಲರೂ! ಇಡೀ ತಂಡ ಆ ಚಳಿಯಲ್ಲಿ ಸಾಲಾಗಿ ನಿಂತಿತ್ತು, ಒಂದು ಪಿಸುಮಾತೂ ಇಲ್ಲ. ಗಿಲಾ ಆಮೇಲೆ ಹೇಳಿದರು, "ಎರಡು ಸಾವಿರ ವರ್ಷ ನಾವು ಹೀಗೇ ನಿಂತಿದ್ವಿ. ಸಿಹಿ ಬಾಯಲ್ಲೇ ಇತ್ತು, ನುಂಗೋ ಹಾಗಿರಲಿಲ್ಲ. ಮನೆ ಎದುರಿಗೇ ಇತ್ತು, ಒಳಗೆ ಹೋಗೋ ಹಾಗಿರಲಿಲ್ಲ." ಮತಿಯಾಸ್ ಮಗುವಿನ ಹಾಗೆ ಅತ್ತ. ಇನ್ನು ಮುಂದೆ ಪ್ರತಿ ವರ್ಷದ ತಂಡವೂ ಇದನ್ನು ಮಾಡಬೇಕಂತೆ.

ಎಲ್ಲರೂ ಕೇಳಿದರು, ಯಾರು ಕಲಿಸಿದ್ದು ಅಂತ. "ನನ್ನ ಅಜ್ಜಿ" ಅಂದೆ. ತಪ್ಪಾಯಿತಾ?

ನಿನ್ನ ಹದಸ್ಸಾ


ಠಾಣೆ
೧೬ ಫೆಬ್ರವರಿ ೧೯೯೯

ಹದು,

ಓದಿದೆ. ಎರಡು ಸಲ ಓದಿದೆ. ತರಬೇತಿಯಿಂದ ಬಂದ ನಿನ್ನ ಭಾವ ಅದನ್ನು ಜೋರಾಗಿ ಓದಿ, ಬಿದ್ದು ಬಿದ್ದು ನಕ್ಕರು. ಯಾಕೆ ನಕ್ಕರು ಅಂತ ಕೇಳಬೇಡ, ಅವರು ಎಲ್ಲಕ್ಕೂ ನಗುತ್ತಾರೆ.

ನಿಜವಾಗಿ ಅತ್ತರಾ ಎಲ್ಲರೂ? ಅಜ್ಜಿ ನಿಜವಾಗಿ ಬಂದರಾ? ನನಗೆ ಒಂದು ಸಲವೂ ಬಂದಿಲ್ಲ. ಈ ಸಲವೂ ಖಂಡಾಳೆಗೆ ಹೋಗಿದ್ದೆ. ಪ್ರವಾದಿಯ ರಥದ ಗುರುತಿರುವ ಬಂಡೆಯ ಮುಂದೆ ಕೂತು ಮೂರನೇ ಸಾಲನ್ನು ಅಜ್ಜಿ ಎಳೆದ ಹಾಗೇ ಎಳೆದೆ, ಉಸಿರು ಕಟ್ಟುವಷ್ಟು. ಹಿಂದಿನಿಂದ ಯಾರೋ "ಬೇಗ ಮುಗಿಸಮ್ಮಾ, ಕಡಲು ದಾಟೋ ಲಾಂಚ್ ತಪ್ಪುತ್ತೆ" ಅಂದರು. ನನ್ನ ಪಾಲಿಗೆ ಬಂದದ್ದು ಅಷ್ಟೇ.

"ನನ್ನ ಅಜ್ಜಿ" ಅಂದದ್ದು ತಪ್ಪೇನಲ್ಲ. ನಿನಗೂ ಅಜ್ಜಿಯೇ.

ನಾವು ಮಾಥೆರಾನಿಗೆ ಹೋಗಿದ್ದೆವು. ಕುದುರೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡೆವು. ತುಂಬ, ತುಂಬ ಚೆನ್ನಾಗಿತ್ತು. ನೀನಿದ್ದಿದ್ದರೆ ನಿನಗೆ ಹೊಟ್ಟೆ ಉರಿಯುತ್ತಿತ್ತು.

ಎಲಿಶೆಬಾ


ಜೆರುಸಲೇಮ್
೪ ಮಾರ್ಚ್ ೧೯೯೯

ಪ್ರೀತಿಯ ಅಕ್ಕಾ,

ಪುರೀಮ್ ಹಬ್ಬಕ್ಕೆ ಲೋದ್ ಊರಿಗೆ ಹೋಗಿದ್ದೆ. ಅಲ್ಲಿ ಎಲ್ಲ ನಮ್ಮ ಕೊಂಕಣದ ಯಹೂದಿಗಳೇ! ನಿನ್ನ ಅತ್ತೆಯ ಚಿಕ್ಕಮ್ಮನ ಮಗಳು ಫ್ಲೋರಾ ಮೌಶಿ ಸಿಕ್ಕರು. ನಲವತ್ತು ವರ್ಷದ ಹಿಂದೆ ರೇವದಂಡದಿಂದ ಬಂದವರು. ಊಟಕ್ಕೆ ಕೂರಿಸಿ, "ನಿಮ್ಮ ಅಜ್ಜಿ ಸಾರಿಗೆ ಹುಣಸೆ ಹಾಕ್ತಿದ್ರಾ, ಕೋಕಮ್ಮಾ?" ಅಂತ ಪರೀಕ್ಷೆ ಮಾಡಿದರು. ಕೋಕಮ್ ಅಂದೆ, ಪಾಸಾದೆ.

ಖರ್ಜೂರದ ವಿಷಯ ಹೇಳಿದೆ. ಅವರು ಚಮಚ ಕೆಳಗಿಟ್ಟು, ಎದೆ ಮುಟ್ಟಿಕೊಂಡು, "ಅಯ್ಯೋ ದೇವರೇ, ನಮ್ಮಮ್ಮ ನನ್ನನ್ನ ಹೀಗೇ ನಿಲ್ಲಿಸ್ತಿದ್ಲಲ್ಲೇ! ಹೇಗೆ ಮರೆತೆ ನಾನು!" ಅಂದರು. ಮೂಲೆಯಲ್ಲಿದ್ದ ಅವರ ಯಜಮಾನರು "ಯಾವಾಗ ನಿಂತಿದ್ದೆ ನೀನು? ನಿನ್ನ ಬಾಯಿ ಯಾವಾಗ ಮುಚ್ಚಿತ್ತು?" ಅಂದರು. ಮೌಶಿ ಅವರ ಕಡೆ ನೋಡಲೂ ಇಲ್ಲ. ಕಣ್ಣು ತುಂಬ ನೀರು. ನಿನ್ನ ಅತ್ತೆಗೂ ಕಾಗದ ಬರೆಯುತ್ತಾರಂತೆ, ಅಲ್ಲಿ ಎಲ್ಲರೂ ಮರೆತುಬಿಟ್ಟಿರಬಹುದು ಅಂತ.

ಹದಸ್ಸಾ


ಠಾಣೆ
೨೩ ಮಾರ್ಚ್ ೧೯೯೯

ಹದಸ್ಸಾ,

ನಿನ್ನ ಫ್ಲೋರಾ ಮೌಶಿಯ ಕಾಗದ ಬಂತು. ಅತ್ತೆ ಅದನ್ನು ಸಿನಗಾಗಿನಲ್ಲಿ ಹೆಂಗಸರ ಸಾಲಿಗೆಲ್ಲ ಓದಿ ಹೇಳಿದರು.

ಭಾನುವಾರ ನಮ್ಮಲ್ಲಿ ಮಲೀದಾ ಇತ್ತು, ನಿನ್ನ ಭಾವ ತರಬೇತಿ ಪರೀಕ್ಷೆ ಪಾಸಾದದ್ದಕ್ಕೆ ಹರಕೆ. ಅತ್ತೆ ಹೆಮ್ಮೆಯಿಂದ ಹೇಳಿದರು, "ಈ ಮನೇಲಿ ಕಿರಿಯವಳು ಅಂದ್ರೆ ನಮ್ಮ ಎಲಿಶೆಬಾನೇ. ಬಾಮ್ಮಾ, ಬಾಯಿ ತೆಗಿ." ಖರ್ಜೂರ ಇಟ್ಟು, ಹೊರಗೆ ಕಳಿಸಿ, ಬಾಗಿಲು ಅರ್ಧ ಮುಂದೆ ಮಾಡಿದರು. ಎರಡನೇ ಮಹಡಿಯ ಕಾರಿಡಾರಿನಲ್ಲಿ ರೇಷ್ಮೆ ಸೀರೆ ಉಟ್ಟು ನಿಂತೆ. ಎದುರುಮನೆಯ ಕುಲಕರ್ಣಿ ಕಾಕು ಕಸದ ಬುಟ್ಟಿ ಇಡಲು ಬಂದವರು, "ಯಾಕಮ್ಮಾ, ಹೊರಗೆ ಹಾಕಿದ್ರಾ?" ಅಂದರು. ಬಾಯಿ ಬಿಡುವಂತಿಲ್ಲ. ತಲೆ ಅಲ್ಲಾಡಿಸಿದೆ. "ಹಲ್ಲುನೋವಾ?" ಮತ್ತೆ ಅಲ್ಲಾಡಿಸಿದೆ. ಪಾಪ, ಬೆನ್ನು ಸವರಿ, "ಮೊದಲ ವರ್ಷ ಎಲ್ಲಾ ಅತ್ತೇರೂ ಹೀಗೇ ಕಣಮ್ಮ" ಅಂತ ಹೇಳಿ ಹೋದರು. ಒಳಗೆ ನನ್ನ ಗಂಡ ನಗು ತಡೆಯಲಾರದೆ ಕೆಮ್ಮುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ!

ಅಜ್ಜಿಗೆ ಕಾದೆ. ಬರಲಿಲ್ಲ. ಲಾಲಾರಸ ಬಂತು.

ನಿನ್ನ ಭಾವ ಅದಕ್ಕೆ ಪರಿಹಾರವಾಗಿ ಕುಲ್ಫಿ ಕೊಡಿಸಿದರು ಅನ್ನುವುದನ್ನೂ ಬರೆದುಬಿಡುತ್ತೇನೆ. ಎರಡು.

ಎಲಿಶೆಬಾ


ಜೆರುಸಲೇಮ್
೨೫ ಏಪ್ರಿಲ್ ೧೯೯೯

ಅಕ್ಕಾ,

ಈ ಪತ್ರವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ನಾನು ವಾಪಸು ಬರುತ್ತಿಲ್ಲ.

ಇಲ್ಲೇ ನರ್ಸಿಂಗ್ ಓದಲು ಸೀಟು ಕೊಡುತ್ತಾರೆ, ಇರಲು ಜಾಗವನ್ನೂ ಕೊಡುತ್ತಾರೆ. ಜೂನ್ ಹತ್ತರೊಳಗೆ ಸಹಿ ಹಾಕಬೇಕು. ಯಾಕೆ ಅಂತ ಗಿಲಾ ಕೇಳಿದರು. ಆ ಸಂಜೆ ಹೊಸ್ತಿಲಿನಾಚೆ ನಿಂತಾಗಲೇ ಗೊತ್ತಾಯಿತು ಅಂದೆ. ಒಳಗೆ ಕರೆಯುವವರೆಗೂ ಹೊರಗಿದ್ದವಳಿಗೇ ಒಳಗು ಅಂದರೇನು ಅಂತ ಗೊತ್ತಾಗೋದು. ಅಲೀಬಾಗಿನ ನಮ್ಮ ಮನೆಯಲ್ಲಿ ನಾನು ಯಾವತ್ತೂ ಯಾರದೋ ತಂಗಿ, ಯಾರದೋ ಮಗಳು. ಆ ಸಂಜೆ ನಾನು ನಾನಾಗಿದ್ದೆ.

ಅಮ್ಮನಿಗೆ ಹೇಳಲು ಧೈರ್ಯವಿಲ್ಲ. ನೀನೇ ಹೇಳುತ್ತೀಯಾ? ನಿನ್ನ ಮಾತು ಕೇಳುತ್ತಾರೆ.

ಹದು


ಠಾಣೆ
೫ ಮೇ ೧೯೯೯

ಹದು,

ಕೂತು ಓದು.

ಅಂಥ ಪದ್ಧತಿ ಇಲ್ಲ. ಅಜ್ಜಿ ಹೇಳಲಿಲ್ಲ. ಯಾರೂ ಹೇಳಲಿಲ್ಲ. ಇಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು, ಒಲೆಯ ಮೇಲೆ ಬಾಂಗ್ಡೆ ಮೀನು ಹುರಿಯುತ್ತಾ ನಾನೇ ಕಟ್ಟಿದ್ದು. ಡಬ್ಬಿಯಲ್ಲಿ ಖರ್ಜೂರ ಕಾಣಿಸಿತು, ಖರ್ಜೂರ ಅಂತ ಬರೆದೆ. ಕಡಲೆ ಕಂಡಿದ್ದರೆ ಕಡಲೆ ಅಂತ ಬರೆಯುತ್ತಿದ್ದೆ. ಎಲ್ಲರೂ ತಿನ್ನುವಾಗ ನೀನು ಹೊರಗೆ ನಿಂತಿರಬೇಕು, ನಿನ್ನ ಬಾಯಿ ಮುಚ್ಚಿರಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ನನಗೆ ಹೊಟ್ಟೆ ಉರಿಯುತ್ತಿತ್ತು.

ಅದನ್ನು ನಂಬಿ ನೀನು ಅಲ್ಲೇ ಉಳಿಯಬೇಡ. ಫ್ಲೋರಾ ಮೌಶಿ ಸುಳ್ಳು ಹೇಳುತ್ತಿದ್ದಾರೆ, ಅಥವಾ ವಯಸ್ಸಾಗಿದೆ. ಗಿಲಾ ಹೇಳಿದ್ದು ಎಷ್ಟೇ ಚೆಂದವಿದ್ದರೂ ಅದು ನನ್ನ ಹೊಟ್ಟೆಕಿಚ್ಚಿನ ಮೇಲೆ ಕಟ್ಟಿದ ಮಾತು. ನಿನ್ನ ಭಾವ ಈಗ ನಗುವುದನ್ನು ಬಿಟ್ಟಿದ್ದಾರೆ. "ಮೊದಲು ಬರೆದು ಹಾಕು, ಆಮೇಲೆ ಊಟ" ಅಂತ ಎದುರಿಗೇ ಕೂತಿದ್ದಾರೆ.

ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಮನೆಗೆ ಬಾ.

ಎಲಿ


ಜೆರುಸಲೇಮ್
೧೭ ಮೇ ೧೯೯೯

ಎಲಿಶೆಬಾ,

ಅಕ್ಕ ಅಂತ ಬರೆಯಲು ಕೈ ಬರಲಿಲ್ಲ. ಆಮೇಲೆ ನೋಡೋಣ.

ನಿನ್ನ ಪತ್ರವನ್ನು ಬಸ್ಸಿನಲ್ಲಿ ಓದಿದೆ. ಇಳಿಯುವ ಜಾಗ ದಾಟಿಹೋಯಿತು. ಸೀದಾ ಗಿಲಾ ಹತ್ತಿರ ಹೋಗಿ ಹೇಳಿದೆ. ಅವರು "ಇದನ್ನ ಬೇರೆಯವರಿಗೆ ಹೇಳಲೇಬೇಕಾ?" ಅಂದರು. ಹೇಳಿದೆ. ಎಲ್ಲರ ಎದುರು ನಿಂತು ಹೇಳಿದೆ. ಮತಿಯಾಸ್ ಬಿಕ್ಕಳಿಕೆ ಬರುವವರೆಗೂ ನಕ್ಕ, ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಝೋಯಾ ಮಾತ್ರ ಮಂಚದ ಮೇಲೆ ಕಾಲು ಮಡಿಚಿ ಕೂತು ಹೇಳಿದಳು, "ನಮ್ಮಜ್ಜಿ ಸರ್ಕಾರಕ್ಕೆ ಹೆದರಿ ಎಲ್ಲಾ ಮರೆತ್ರು. ನಂಗೆ ಅಂತ ಒಂದು ಪದ್ಧತೀನೂ ಇರಲಿಲ್ಲ. ಇದನ್ನ ನಾನು ಇಟ್ಕೋತೀನಿ. ನಿಮ್ಮಕ್ಕ ಕೇಳಿದ್ರೂ ವಾಪಸ್ ಕೊಡಲ್ಲ." ಫ್ಲೋರಾ ಮೌಶಿಗೆ ಫೋನ್ ಮಾಡಿದೆ. "ನಿಮ್ಮಕ್ಕ ನಿನ್ನೆ ಮೊನ್ನೆ ಹುಟ್ಟಿದವಳು, ಅವಳಿಗೇನು ಗೊತ್ತು!" ಅಂತ ಫೋನ್ ಇಟ್ಟರು.

ನಾನು ನಿನ್ನನ್ನು ಎಷ್ಟು ಬೈದೆ ಅಂತ ಬರೆಯುವುದಿಲ್ಲ. ಆದರೆ ಒಂದು ಸಾಲಿನ ಹತ್ತಿರ ಬಂದು ಪ್ರತಿ ಸಲ ನಿಲ್ಲುತ್ತೇನೆ. ನಿನಗೆ ನನ್ನನ್ನು ಕಂಡು ಹೊಟ್ಟೆ ಉರಿಯಿತಾ? ನನ್ನನ್ನು ಕಂಡು? ಹಾಡು ನಿನ್ನದು, ಅಜ್ಜಿ ನಿನ್ನವರು, ಕ್ಲಾಸಿಗೆ ಮೊದಲು ನೀನು, ನಿಸ್ಸಿಮ್ ಭಾವ ಮೊದಲ ಸಲ ಮನೆಗೆ ಬಂದಾಗ ನಾನು ಚಹಾ ತಂದಿಟ್ಟರೆ ನನ್ನ ಕಡೆ ಯಾರೂ ನೋಡಲೂ ಇಲ್ಲ. ನಿನ್ನ ಹಳೇ ಫ್ರಾಕುಗಳ ಮಡಿಕೆ ಬಿಚ್ಚಿ ಹಾಕಿಕೊಂಡು ಬೆಳೆದವಳು ನಾನು. ಆ ಮಾತನ್ನು ಇನ್ನೊಂದು ಸಲ ಬರೆ. ಸುಳ್ಳಾಗಿದ್ದರೆ ಬರೆಯಬೇಡ.

ಖರ್ಜೂರ ಹೋಯಿತು. ಆದರೂ ಇಲ್ಲೇ ಇರಬೇಕು ಅನ್ನಿಸುತ್ತಿದೆ. ಇದು ನನ್ನ ಆಸೆಯಾ, ನಿನ್ನ ಸೀಟಿನಲ್ಲಿ ಕೂತಿದ್ದಕ್ಕೆ ಅಂಟಿಕೊಂಡ ನಿನ್ನ ಆಸೆಯಾ, ತಿಳಿಯುತ್ತಿಲ್ಲ. ನಿನ್ನದಾದರೆ ಹೇಳಿಬಿಡು. ಬಿಟ್ಟು ಬರುತ್ತೇನೆ.

ಹದಸ್ಸಾ


ಅಲೀಬಾಗ್, ಇಸ್ರೇಲ್ ಆಳಿ ಬೀದಿ
೩೦ ಮೇ ೧೯೯೯

ಹದು,

ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ. ಗೋಡೆಯ ಕಡೆ ತಿರುಗಿ ಮಲಗಿದರೂ ಉರಿಯುತ್ತದೆ. ನೀನು ಬಸ್ಸಿನಲ್ಲಿ ಇಳಿಯುವ ಜಾಗ ದಾಟಿದೆ ಅಂತ ಬರೆದಿದ್ದೀಯಲ್ಲ, ಅದಕ್ಕೂ ಉರಿಯಿತು, ಆ ಊರಿನಲ್ಲಿ ದಾರಿ ತಪ್ಪುವುದು ನಿನಗೆ ಸಿಕ್ಕಿತಲ್ಲಾ ಅಂತ. ಝೋಯಾಳನ್ನು ಕಂಡರೆ ಉರಿಯುತ್ತದೆ, ನಿನ್ನ ಕೋಣೆಯಲ್ಲಿ ಮಲಗುವವಳು ಅವಳು. ಅಜ್ಜಿ ನಿನ್ನ ಹತ್ತಿರ ಬಂದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು. ಆ ಪದ್ಧತಿ ನನ್ನ ಸುಳ್ಳು, ಬಂದ ಅಜ್ಜಿ ಸುಳ್ಳಲ್ಲ. ನಾನು ನಿನಗೆ ಹೊಸ್ತಿಲು ತೋರಿಸಿದೆ ಅಷ್ಟೇ, ನಿಂತವಳು ನೀನು. ನಾನೂ ನಿಂತು ನೋಡಿದೆನಲ್ಲ, ನನಗೆ ಸಿಕ್ಕಿದ್ದು ಕುಲಕರ್ಣಿ ಕಾಕು.

ನನ್ನ ಆಸೆಯೇ ಬೇರೆ. ನಾನು ಜೆರುಸಲೇಮಿನಲ್ಲಿ ಐದು ತಿಂಗಳು ಇದ್ದು, ಎಲ್ಲ ನೋಡಿ, ಎಲ್ಲರಿಗಿಂತ ಚೆನ್ನಾಗಿ ಹಾಡಿ, ನಿಸ್ಸಿಮ್ ಹತ್ತಿರ ಓಡಿ ಬರುತ್ತಿದ್ದೆ. ಉಳಿಯುವ ಆಸೆ ಒಂದು ದಿನವೂ ನನಗೆ ಬಂದಿಲ್ಲ. ಅದು ನಿನ್ನದೇ. ಸಹಿ ಹಾಕು.

ಅದಕ್ಕೇ ನಿನ್ನೆ ಲಾಂಚ್ ಹಿಡಿದು ಅಲೀಬಾಗಿಗೆ ಬಂದೆ ಅಂತ ಬರೆಯಹೊರಟೆ, ಆದರೆ ನಿನ್ನೆ ಶನಿವಾರ, ಸಬ್ಬತ್ತಿನ ದಿನ ಪ್ರಯಾಣವಿಲ್ಲ, ಇವತ್ತು ಬೆಳಿಗ್ಗೆ ಬಂದೆ. ನೋಡು, ಅವಸರದಲ್ಲಿ ಏನೇನೋ ಬರೆಯುತ್ತೇನೆ. ಅಮ್ಮ ಹಿತ್ತಲಲ್ಲಿ ಮೀನು ಹೆರೆಯುತ್ತಿದ್ದರು. ಹೇಳಿದೆ. ಕತ್ತಿ ನಿಲ್ಲಲಿಲ್ಲ. ಕೊನೆಯ ಮೀನು ಮುಗಿಸಿ, ಕೈ ತೊಳೆದು, "ಅವಳಿಗೆ ಚಳಿ ಆಗಿಬರಲ್ಲ" ಅಂದರು.

"ನನ್ನ ಸ್ವೆಟರ್ ಇದೆ ಅಮ್ಮಾ."

"ಅದು ಹೊಕ್ಕುಳ ತನಕಾನೂ ಬರಲ್ಲ ಅವಳಿಗೆ." ಆಮೇಲೆ ನನ್ನನ್ನು ನೋಡದೆ ಹೇಳಿದರು, "ನೀನು ಹೋಗಿ ಅವಳು ಇದ್ದಿದ್ರೆ ಚೆನ್ನಾಗಿತ್ತು. ಅವಳಿದ್ರೆ ಮನೇಲಿ ಮಾತಾದ್ರೂ ಇರ್ತಿತ್ತು."

ಹದು, ನಾನು ಅಲ್ಲೇ, ಮೀನಿನ ಹುರುಪೆ ಮೆತ್ತಿದ ಕಲ್ಲಿನ ಮೇಲೆ, ಸೀರೆ ಸಮೇತ ಕೂತುಬಿಟ್ಟೆ. ಇಷ್ಟು ವರ್ಷ ನಾನೇ ಅಮ್ಮನ ಮುದ್ದಿನವಳು ಅಂದುಕೊಂಡಿದ್ದೆ. ಅವಳು ನೀನು ಅಂತ ನಿನಗೂ ಗೊತ್ತಿರಲಿಲ್ಲ, ನನಗೆ ಖಾತ್ರಿ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯದೆ ಬಚ್ಚಿಟ್ಟುಕೊಳ್ಳಬಹುದಿತ್ತು. ಬಚ್ಚಿಡಲು ತುಂಬಾ ಆಸೆಯಾಯಿತು.

ಸಂಜೆ ಅಮ್ಮ ಉಲ್ಲನ್ ತರಲು ಬಜಾರಿಗೆ ಹೋದರು, ಈ ಮೇ ತಿಂಗಳ ಸೆಕೆಯಲ್ಲಿ. ಬಣ್ಣ ಯಾವುದು ಬೇಕು ಅಂತ ನಿನ್ನನ್ನು ಕೇಳು ಅಂದಿದ್ದರು, ಆದರೆ ತಡೆಯಲಾರದೆ ಕೆಂಪು ತಂದಾಗಿದೆ.

ನನಗೆ ದಿನಾ ಬರೆ. ಬೆಳಿಗ್ಗೆ ಏನು ತಿಂದೆ, ಕಿಟಕಿಯಿಂದ ಏನು ಕಾಣುತ್ತದೆ, ಯಾರು ನಿನ್ನನ್ನು ನೋಡಿ ನಕ್ಕರು, ಎಲ್ಲ. ನನಗೆ ಬೇಸರವಾದೀತು ಅಂತ ಏನನ್ನೂ ಬಿಡಬೇಡ. ನಾನು ಸರಿಯಾಗಿ ಹೊಟ್ಟೆ ಉರಿಸಿಕೊಳ್ಳಬೇಕು.

ನಿನ್ನ,
ಎಲಿ ಅಕ್ಕ